ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಬಂದು ನಿಂತವನು

ಕಳೆದ ಮಳೆಗಾಲದಲ್ಲಿ ಅಮ್ಮ ಊರಿಂದ ಬಂದು ಒಂದು ತಿಂಗಳು ನಮ್ಮನೆಯಲ್ಲಿದ್ದಳು. ಸಂಜೆ ಆರೂವರೆ ಆಯ್ತು ಅಂದ್ರೆ ರಿಮೋಟಿಗೆ ಜಗಳ. ಅಮ್ಮನಿಗೆ ಧಾರಾವಾಹಿ ಬೇಕು, ನನ್ನ ಮಗಳಿಗೆ ಟೊಟೊರೊ ಬೇಕು, ಅಂದ್ರೆ 'ಮೈ ನೇಬರ್ ಟೊಟೊರೊ' ಅನ್ನುವ ಜಪಾನಿ ಕಾರ್ಟೂನ್ ಸಿನಿಮಾ. ಅವಳಿಗೆ ಆಗಷ್ಟೇ ನಾಲ್ಕು ತುಂಬಿತ್ತು. ಆ ಸಿನಿಮಾವನ್ನು ಎಷ್ಟು ಸಲ ನೋಡಿದ್ದಳೋ ಲೆಕ್ಕ ಇಟ್ಟವರಿಲ್ಲ. ಒಂದು ಸಂಜೆ ಅಮ್ಮ ಸೋತಳು. "ಹಾಕ್ಕೋ ಮಾರಾಯ್ತಿ ನಿನ್ನ ಕರಡಿ" ಅಂತ ಹೇಳಿ, ಹತ್ತಿಯ ಬುಟ್ಟಿ ತಂದಿಟ್ಟುಕೊಂಡು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಳು.

ಮಾತು ಜಪಾನಿಯದು. ಕೆಳಗೆ ಓಡುವ ಅಕ್ಷರ ಇಂಗ್ಲಿಷಿನದು. ಎರಡೂ ಅಮ್ಮನಿಗೆ ಬರುವುದಿಲ್ಲ. ತುಂಬ ಹೊತ್ತು ಅವಳು ತಲೆ ಎತ್ತಿದ್ದೇ ಕಡಿಮೆ. ಟೀವಿಯೊಳಗೆ ಮಳೆ ಶುರುವಾದಾಗ ಎತ್ತಿದಳು. ತೊಡೆಯ ಮೇಲೆ ಹೊಸೆಯುತ್ತಿದ್ದ ಬತ್ತಿ ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದಳು.

"ಯಾರೂ ಮಾತಾಡ್ತಾ ಇಲ್ಲ ಅಲ್ವಾ? ನನ್ನ ಕಿವಿಗೇ ಏನಾದ್ರೂ ಆಯ್ತಾ?"

"ಇಲ್ಲಮ್ಮ, ಅಲ್ಲಿ ಮಾತೇ ಇಲ್ಲ."

"ಹಂಗಾದ್ರೆ ಸರಿ" ಅಂತ ಮತ್ತೆ ಟೀವಿ ಕಡೆ ತಿರುಗಿದಳು.

ಆ ದೃಶ್ಯ ಹೀಗಿದೆ. ಕಾಡಿನ ಅಂಚಿನ ರಸ್ತೆ, ಒಂದು ಬಸ್ ಸ್ಟಾಪು. ಸ್ಟಾಪು ಅಂದ್ರೆ ಶೆಡ್ಡೂ ಇಲ್ಲ, ಬೆಂಚೂ ಇಲ್ಲ, ಬರೀ ಒಂದು ಕಂಬ. ಅಪ್ಪ ಕೊಡೆ ಬಿಟ್ಟು ಹೋಗಿದ್ದಾನೆ. ಅವನಿಗೆ ಕೊಡೆ ಕೊಡಲು ಇಬ್ಬರು ಹೆಣ್ಣುಮಕ್ಕಳು ಬಂದು ನಿಂತಿದ್ದಾರೆ. ದೊಡ್ಡವಳು ಸತ್ಸುಕಿ, ಚಿಕ್ಕವಳು ಮೇ. ಬಸ್ಸು ಬರುತ್ತದೆ, ಜನ ಇಳಿಯುತ್ತಾರೆ, ಅಪ್ಪ ಇಳಿಯುವುದಿಲ್ಲ. ಬಸ್ಸು ಹೋಗುತ್ತದೆ. ಕತ್ತಲಾಗುತ್ತದೆ. ಮೇಗೆ ತೂಕಡಿಕೆ. ಅಕ್ಕ ಅವಳನ್ನು ಉಪ್ಪಿನ ಮೂಟೆಯಂತೆ ಬೆನ್ನಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಕೊಡೆಯನ್ನೂ ಸಂಭಾಳಿಸುತ್ತಾ ನಿಲ್ಲುತ್ತಾಳೆ. ಮಳೆ ಹೊಯ್ಯುತ್ತಲೇ ಇದೆ. ಒಂದು ಕಪ್ಪೆ ತನ್ನ ಪಾಡಿಗೆ ತಾನು ಹೋಗುತ್ತದೆ. ಆಗ ಪಕ್ಕದಲ್ಲಿ ಯಾರೋ ಬಂದು ನಿಂತ ಸದ್ದು. ಕೊಡೆ ಬಗ್ಗಿಸಿ ಹಿಡಿದಿರುವುದರಿಂದ ಸತ್ಸುಕಿಗೆ ಬರೀ ಪಾದ ಕಾಣುತ್ತದೆ. ರೋಮ ತುಂಬಿದ ಪಾದ, ದೊಡ್ಡ ದೊಡ್ಡ ಉಗುರು. ಮೆಲ್ಲಗೆ ಕೊಡೆ ಎತ್ತಿ ನೋಡಿದರೆ ಟೊಟೊರೊ. ತಲೆಯ ಮೇಲೊಂದು ಎಲೆ ಇಟ್ಟುಕೊಂಡು, ಅವನೂ ಬಸ್ಸಿಗೇ ಕಾಯುತ್ತಿದ್ದಾನೆ.

ಬೇರೆ ಸಿನಿಮಾ ಆಗಿದ್ದರೆ ಇಲ್ಲಿ ಏನಾಗುತ್ತಿತ್ತು? ಹುಡುಗಿ ಕಿರುಚಬೇಕಿತ್ತು, ಇಲ್ಲಾ ಹಾಡಬೇಕಿತ್ತು. ಇಲ್ಲಿ ಸತ್ಸುಕಿ ಅಪ್ಪನಿಗೆ ತಂದಿದ್ದ ಕೊಡೆಯನ್ನು ಅವನಿಗೆ ಕೊಡುತ್ತಾಳೆ. ಪಾಪ ನೆನೆಯುತ್ತಿದ್ದಾನಲ್ಲ, ಅದಕ್ಕೆ. ಹೇಗೆ ಹಿಡಿಯಬೇಕು ಅಂತಲೂ ತೋರಿಸಿಕೊಡುತ್ತಾಳೆ. ಮರದಿಂದ ಒಂದು ದಪ್ಪ ಹನಿ ಕೊಡೆಯ ಮೇಲೆ ಟಪ್ ಅಂತ ಬೀಳುತ್ತದೆ. ಟೊಟೊರೊನ ಕಣ್ಣು ಅರಳುತ್ತದೆ. ಇನ್ನೊಂದೆರಡು ಹನಿ. ಖುಷಿ ತಡೆಯಲಾಗದೆ ಅವನು ಒಂದು ಸಲ ಎಗರುತ್ತಾನೆ. ಆ ಏಟಿಗೆ ಅಕ್ಕಪಕ್ಕದ ಮರದ ನೀರೆಲ್ಲ ಒಟ್ಟಿಗೆ ಸುರಿಯುತ್ತದೆ. ನನ್ನ ಮಗಳು ಪ್ರತಿ ಸಲವೂ ಇಲ್ಲಿ ಸೋಫಾದಿಂದ ಎಗರುತ್ತಾಳೆ. ಕೆಳಗಿನ ಮನೆಯವರು ಒಂದು ಸಲ ಬಂದು ಹೇಳಿಯೂ ಹೋಗಿದ್ದಾರೆ.

ಈ ಸಿನಿಮಾವನ್ನು ಯಾರಿಗಾದರೂ ನೋಡು ಅಂತ ಹೇಳುವುದು ಬಲು ಕಷ್ಟ. "ಕಥೆ ಏನು?" ಅಂತ ಕೇಳ್ತಾರೆ. ಒಂದು ಕುಟುಂಬ ಟೋಕಿಯೊ ಬಿಟ್ಟು ಹಳ್ಳಿಯ ಹಳೇ ಮನೆಗೆ ಬರುತ್ತದೆ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಮಕ್ಕಳಿಗೆ ಕಾಡಿನಲ್ಲಿ ಒಂದು ದೊಡ್ಡ ಪ್ರಾಣಿ ಸಿಗುತ್ತದೆ. ಅಷ್ಟೇ. ಖಳನಾಯಕ ಇಲ್ಲ. ಯುದ್ಧ ಇಲ್ಲ. ಯಾರೂ ಯಾರನ್ನೂ ಸೋಲಿಸುವುದಿಲ್ಲ. ಇಷ್ಟು ಹೇಳಿ ಮುಗಿಸಿದಾಗ ಎದುರಿನವರ ಮುಖದಲ್ಲಿ "ಮಕ್ಕಳ ಸಿನಿಮಾನಾ?" ಅನ್ನುವುದು ಕಾಣಿಸುತ್ತದೆ. ನಾನು ಆಮೇಲೆ ಸುಮ್ನಾಗ್ತೇನೆ.

ಆ ಕಾಲದಲ್ಲಿ ದುಡ್ಡು ಹಾಕುವವರಿಗೂ ಹಾಗೇ ಅನ್ನಿಸಿತ್ತು. ನಿರ್ದೇಶಕ ಹಯಾವೊ ಮಿಯಾಜಾಕಿ ಈ ಕಥೆಯನ್ನು ತುಂಬ ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅವರ ಸ್ಟುಡಿಯೊ ಘಿಬ್ಲಿಗೆ ಬೆನ್ನಿಗಿದ್ದ ತೊಕುಮಾ ಕಂಪನಿಗೆ ಇದರಿಂದ ದುಡ್ಡು ಹುಟ್ಟುತ್ತದೆ ಅಂತ ನಂಬಿಕೆ ಬರಲಿಲ್ಲ. ಕೊನೆಗೆ ನಿರ್ಮಾಪಕ ತೊಶಿಯೊ ಸುಜುಕಿ ಒಂದು ಉಪಾಯ ಮಾಡಿದರು. ಮಿಯಾಜಾಕಿಯ ಹಿರಿಯ ಗೆಳೆಯ ಇಸಾವೊ ತಕಾಹಾತಾ ಮಾಡಲಿದ್ದ ಇನ್ನೊಂದು ಚಿತ್ರದ ಜೊತೆ ಇದನ್ನು ಜೋಡಿಸಿ, ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ಅಂತ ಮಾಡಿದರು. ಆ ಇನ್ನೊಂದು ಯಾವುದು ಗೊತ್ತಾ? 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ಯುದ್ಧಕಾಲದಲ್ಲಿ ಅನಾಥರಾದ ಅಣ್ಣ ತಂಗಿ ಹಸಿವಿನಿಂದ ಸಾಯುವ ಕಥೆ. 1988ರ ಏಪ್ರಿಲ್ 16ರಂದು ಎರಡೂ ಒಟ್ಟಿಗೇ ತೆರೆಕಂಡವು. ಮೊದಲು ಟೊಟೊರೊ ನೋಡಿ ನಗುತ್ತಾ ಕೂತಿದ್ದವರ ಮುಂದೆ ಆಮೇಲೆ ಇನ್ನೊಂದು ಶುರುವಾದರೆ ಹೇಗಿರಬೇಡ! ಹೋಳಿಗೆ ಬಡಿಸಿ ಅದೇ ಎಲೆಗೆ ಹಾಗಲಕಾಯಿ ಕಷಾಯ ಸುರಿದ ಹಾಗೆ.

ಥಿಯೇಟರಿನಲ್ಲಿ ಅಂಥ ದೊಡ್ಡ ಗೆಲುವೇನೂ ಆಗಲಿಲ್ಲ. ಟೀವಿಯಲ್ಲಿ ಬಂದ ಮೇಲೆ ಜನ ಹಿಡಿದುಕೊಂಡರು. ಆಮೇಲೆ ಬಂದ ಟೊಟೊರೊ ಗೊಂಬೆಗಳು ಸ್ಟುಡಿಯೊದ ಹೊಟ್ಟೆ ತುಂಬಿಸಿದವು. ಇವತ್ತು ಘಿಬ್ಲಿಯ ಲಾಂಛನದಲ್ಲಿರುವುದೂ ಅವನೇ. ಚೀನಾದ ಥಿಯೇಟರುಗಳಿಗೆ ಇದು ಬಂದದ್ದು 2018ರ ಡಿಸೆಂಬರಿನಲ್ಲಿ, ಮೂವತ್ತು ವರ್ಷ ತಡವಾಗಿ. ಆಗಲೂ ಜನ ಹೋಗಿ ನೋಡಿದರು.

ನಾನು ಮೊದಲು ನೋಡಿದ್ದು ಹಾಸ್ಟೆಲಿನಲ್ಲಿ. ಯಾರದೋ ಕಂಪ್ಯೂಟರಿನಿಂದ ಯಾರದೋ ಪೆನ್‌ಡ್ರೈವಿಗೆ ಹೋಗಿ ನನ್ನ ಹತ್ತಿರ ಬಂದಿತ್ತು. ನಿಜ ಹೇಳ್ತೀನಿ, ಅರ್ಧಕ್ಕೇ ನಿದ್ದೆ ಬಂತು. ಇಪ್ಪತ್ತೊಂದರ ವಯಸ್ಸಿಗೆ ಆ ಸಿನಿಮಾದಲ್ಲಿ ಜಾಗ ಇರಲಿಲ್ಲವೋ, ನನಗೇ ತಾಳ್ಮೆ ಇರಲಿಲ್ಲವೋ. ಬೆಕ್ಕಿನ ಬಸ್ಸು ಮಾತ್ರ ನೆನಪುಳಿಯಿತು. ಹನ್ನೆರಡು ಕಾಲಿನ ಬೆಕ್ಕು, ಹೊಟ್ಟೆಯೊಳಗೆ ಮೆತ್ತನೆಯ ಸೀಟು, ಕಣ್ಣೇ ಹೆಡ್‌ಲೈಟು. ಅದನ್ನು ಮರೆಯುವುದು ಯಾರಿಗೂ ಸಾಧ್ಯವಿಲ್ಲ. ಅಕಿರಾ ಕುರೊಸಾವಾ ಅಂಥವರೇ ತಮಗೆ ಮೆಚ್ಚುಗೆಯಾದ ನೂರು ಸಿನಿಮಾಗಳ ಪಟ್ಟಿಯಲ್ಲಿ ಟೊಟೊರೊನನ್ನು ಸೇರಿಸಿದ್ದರು. ಸಮುರಾಯ್‌ಗಳ ಕತ್ತಿಕಾಳಗ ತೆಗೆದ ಮನುಷ್ಯ ಬೆಕ್ಕಿನ ಬಸ್ಸು ನೋಡುತ್ತಾ ಕೂತಿರುವುದನ್ನು ಕಲ್ಪಿಸಿಕೊಂಡರೆ ನನಗೆ ಖುಷಿಯಾಗುತ್ತದೆ.

ಎರಡನೇ ಸಲ ನೋಡಿದ್ದು 2020ರಲ್ಲಿ. ಘಿಬ್ಲಿಯ ಬಹುತೇಕ ಸಿನಿಮಾಗಳು ಆಗ ಓಟಿಟಿಗೆ ಬಂದಿದ್ದವು, ನಾವೆಲ್ಲ ಮನೆಯೊಳಗೆ ಕೂತಿದ್ದೆವು. ಅವತ್ತು ಬಸ್ ಸ್ಟಾಪಿನ ದೃಶ್ಯ ನೋಡುವಾಗ ಎದೆಯಲ್ಲಿ ಏನೋ ಜಗ್ಗಿದಂತಾಯ್ತು. ಇದು ನನಗೆ ಗೊತ್ತಿರುವ ಜಾಗ ಅನ್ನಿಸಿತು.

ನನಗೆ ಆರು ವರ್ಷ ಇದ್ದಾಗ ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಶಿವಮೊಗ್ಗದಲ್ಲಿ ಆಸ್ಪತ್ರೆ. ಹತ್ತು ದಿನ ಅಂದದ್ದು ಒಂದೂವರೆ ತಿಂಗಳಾಯಿತು. ನನಗೆ ಯಾರೂ ಏನೂ ಹೇಳಲಿಲ್ಲ. "ಅಮ್ಮ ಅಜ್ಜನ ಮನೆಗೆ ಹೋಗಿದಾಳೆ" ಅಂದರು. ಅಜ್ಜನ ಮನೆಯಿಂದ ಅಜ್ಜಿಯೇ ನಮ್ಮನ್ನು ನೋಡಿಕೊಳ್ಳಲು ಬಂದಿದ್ದಳು. ಅವಳು ಇಲ್ಲಿದ್ದರೆ ಅಮ್ಮ ಅಲ್ಲಿ ಯಾರ ಜೊತೆ ಇದ್ದಾಳೆ ಅಂತ ಕೇಳುವಷ್ಟು ಬುದ್ಧಿ ನನಗಿತ್ತು. ಕೇಳಿದರೆ ಉತ್ತರ ಸಿಗಲ್ಲ ಅನ್ನುವಷ್ಟೂ ಇತ್ತು. ಅಕ್ಕನಿಗೆ ಹನ್ನೊಂದು. ಅವಳಿಗೆ ಎಲ್ಲ ಗೊತ್ತಿತ್ತು. ಅಪ್ಪ ಆಸ್ಪತ್ರೆಯಿಂದ ಕೊನೇ ಬಸ್ಸಿಗೆ ಬರುತ್ತಿದ್ದ. ಮನೆಯಿಂದ ರಸ್ತೆಗೆ ಅರ್ಧ ಮೈಲಿ. ನಾನೂ ಅಕ್ಕನೂ ಕೊಡೆ ಹಿಡಿದು, ಟಾರ್ಚು ಹಿಡಿದು ಹೋಗಿ ನಿಲ್ಲುತ್ತಿದ್ದೆವು. ಬರದ ದಿನ ಕಂಡಕ್ಟರು ಬಾಗಿಲಲ್ಲೇ ನಿಂತು ಕೈ ಆಡಿಸಿ "ಇಲ್ಲ" ಅನ್ನುತ್ತಿದ್ದ. ಬಸ್ಸು ಪೂರ್ತಿ ನಿಲ್ಲುತ್ತಲೂ ಇರಲಿಲ್ಲ. ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ ವಾಪಸ್ ನಡೆಯುತ್ತಿದ್ದೆವು.

ಇದು ಸಿನಿಮಾ ನೋಡಿದ ಮೇಲೆ ನಾನೇ ಹೆಣೆದುಕೊಂಡ ನೆನಪೋ ಅಂತ ಅನುಮಾನ ಬಂತು. ಅಕ್ಕನಿಗೆ ಫೋನ್ ಮಾಡಿ ಕೇಳಿದೆ. "ನೆನಪಿಲ್ದೆ ಏನು? ಕೊಡೆ ಒಂದೇ ಇತ್ತು. ನೀನು ಪೂರ್ತಿ ನಿನ್ನ ಕಡೆ ಎಳ್ಕೊತಿದ್ದೆ" ಅಂದಳು.

ಮಿಯಾಜಾಕಿಯ ಬದುಕಿನಲ್ಲೂ ಇಂಥದೊಂದು ಕಾಯುವಿಕೆ ಇತ್ತು. ಅವರು ಹುಟ್ಟಿದ್ದು 1941ರಲ್ಲಿ. ಅವರ ತಾಯಿಗೆ ಬೆನ್ನುಮೂಳೆಯ ಕ್ಷಯ. ಹುಡುಗನ ಬಾಲ್ಯದ ಎಷ್ಟೋ ವರ್ಷ ಆಕೆ ಹಾಸಿಗೆಯಲ್ಲೇ ಕಳೆದರು, ಮೊದಲು ಆಸ್ಪತ್ರೆಯಲ್ಲಿ, ಆಮೇಲೆ ಮನೆಯಲ್ಲಿ. ಸಿನಿಮಾದ ಅಮ್ಮನಿಗೆ ಯಾವ ಕಾಯಿಲೆ ಅಂತ ಒಂದು ಕಡೆಯೂ ಹೇಳುವುದಿಲ್ಲ. ಆಸ್ಪತ್ರೆ ಇರುವ ಗುಡ್ಡದ ಹೆಸರು ಮಾತ್ರ ಹೇಳುತ್ತಾರೆ, ಶಿಚಿಕೊಕುಯಾಮಾ. ಏಳು ನಾಡಿನ ಗುಡ್ಡ ಅಂತ ಅರ್ಥ. ಟೋಕಿಯೊದ ಹೊರವಲಯದ ಸಯಾಮಾ ಬೆಟ್ಟಸಾಲಿನಲ್ಲಿ ಹಾಚಿಕೊಕುಯಾಮಾ ಅಂತ ನಿಜವಾದ ಗುಡ್ಡವೇ ಇದೆ. ಅದು ಎಂಟು ನಾಡಿನ ಗುಡ್ಡ. ಸಿನಿಮಾಕ್ಕೆ ಬರುವಾಗ ಒಂದು ನಾಡು ಕಡಿಮೆಯಾಗಿದೆ! ಮಿಯಾಜಾಕಿ ಅದೇ ಸೀಮೆಯ ತೊಕೊರೊಜಾವಾದಲ್ಲಿ ನೆಲೆಸಿದವರು. ಕಣ್ಣೆದುರೇ ಅಲ್ಲಿಯ ಗದ್ದೆ ಕಾಡುಗಳು ಬಡಾವಣೆ ಆಗುತ್ತಿದ್ದವು. ಅದಕ್ಕೇ ಇರಬೇಕು, ಕಥೆ 1950ರ ದಶಕಕ್ಕೆ ಹೋಗಿದೆ. ಮನೆಯಲ್ಲಿ ಟೀವಿ ಇಲ್ಲದ ಕಾಲ ಅದು. ಸಿನಿಮಾ ಬಂದ ಮೇಲೆ ಆ ಸೀಮೆಯ ಜನ ದುಡ್ಡು ಕೂಡಿಸಿ ಉಳಿದ ಕಾಡನ್ನು ತುಂಡು ತುಂಡಾಗಿ ಕೊಳ್ಳಲು ಶುರು ಮಾಡಿದರು. ಮೊದಲ ತುಂಡು ಕೊಂಡದ್ದು 1991ರಲ್ಲಿ. ಅವಕ್ಕೆಲ್ಲ ಟೊಟೊರೊನ ಕಾಡು ಅಂತಲೇ ಹೆಸರು. ಈಗ ಐವತ್ತಕ್ಕೂ ಹೆಚ್ಚು ತುಂಡುಗಳಿವೆ.

ಅಕ್ಕತಂಗಿಯರ ಹೆಸರಿನಲ್ಲೂ ಒಂದು ಆಟ ಇದೆ. ಸತ್ಸುಕಿ ಅಂದ್ರೆ ಹಳೇ ಜಪಾನಿಯಲ್ಲಿ ಐದನೇ ತಿಂಗಳು. ಮೇ ಅಂದ್ರೆ ಗೊತ್ತೇ ಇದೆಯಲ್ಲ. ಮೊದಲು ಯೋಚಿಸಿದಾಗ ಕಥೆಯಲ್ಲಿ ಇದ್ದದ್ದು ಒಬ್ಬಳೇ ಹುಡುಗಿ. ಬಸ್ ಸ್ಟಾಪಿನ ಪ್ರಸಿದ್ಧ ಪೋಸ್ಟರಿನಲ್ಲಿ ಟೊಟೊರೊನ ಪಕ್ಕ ಇವತ್ತಿಗೂ ಒಬ್ಬಳೇ ನಿಂತಿದ್ದಾಳೆ. ಅವಳು ಸತ್ಸುಕಿಯೂ ಅಲ್ಲ, ಮೇಯೂ ಅಲ್ಲ, ಇಬ್ಬರನ್ನೂ ಬೆರೆಸಿದಂತಿದ್ದಾಳೆ. ಒಬ್ಬಳನ್ನು ಇಬ್ಬರು ಮಾಡಿದ್ದು ಎಂಥ ಒಳ್ಳೇ ಕೆಲಸ ಅಂತ ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ. ನಾಲ್ಕು ವರ್ಷದ ಮೇಗೆ ಕಾಯುವುದು ಅಂದರೆ ಹಟ. ಈಗಲೇ ಬೇಕು, ಇಲ್ಲಾಂದ್ರೆ ಅಳ್ತೀನಿ. ಸತ್ಸುಕಿಗೆ ಕಾಯುವುದು ಅಂದರೆ ಕೆಲಸ. ಬೆಳಿಗ್ಗೆ ಎದ್ದು ಎಲ್ಲರಿಗೂ ಡಬ್ಬಿ ಕಟ್ಟುತ್ತಾಳೆ, ತಂಗಿಯನ್ನು ಸಂಭಾಳಿಸುತ್ತಾಳೆ, ಅಪ್ಪ ನಿದ್ದೆಯಿಂದ ತಡವಾಗಿ ಎದ್ದರೂ ಬೈಯುವುದಿಲ್ಲ. ಆಸ್ಪತ್ರೆಗೆ ಹೋದಾಗ ಅಮ್ಮ ಅವಳ ಕೂದಲು ಬಾಚುತ್ತಾಳೆ. ಆ ಒಂದು ನಿಮಿಷ ಮಾತ್ರ ಅವಳು ಮಗು.

ನಮ್ಮಮ್ಮ ಇದನ್ನೆಲ್ಲ ಮಾತಿಲ್ಲದೆ ಹಿಡಿದಳು. ಬಸ್ ಸ್ಟಾಪಿನ ದೃಶ್ಯದ ಮೇಲೆ ಅವಳಿಗೆ ಬತ್ತಿಯ ಆಸೆ ಹೋಯಿತು. "ಮೊದಲಿಂದ ಹಾಕು" ಅಂತ ಮಾರನೇ ದಿನ ಅವಳೇ ಹೇಳಿದಳು. ಮಗಳಿಗೆ ಸ್ವರ್ಗವೇ ಸಿಕ್ಕಿತು. ಅಜ್ಜಿಯ ಪಕ್ಕ ಕೂತು ಕಾಮೆಂಟರಿ ಶುರು ಮಾಡಿದಳು. ಅಮ್ಮ ನೋಡುವ ಕ್ರಮವೇ ಬೇರೆ. ನಾನು ಇಷ್ಟು ಸಲ ನೋಡಿದರೂ ಗಮನಿಸದ್ದನ್ನು ಅವಳು ಗಮನಿಸಿದಳು. ಹೊಸ ಮನೆಗೆ ಬಂದ ದಿನ ಸತ್ಸುಕಿ ಹೊಳೆಗೆ ಓಡಿ ನೀರು ತರುತ್ತಾಳಲ್ಲ, ಯಾಕೆ ಅಂತ ನಾನು ಯೋಚಿಸಿರಲೇ ಇಲ್ಲ. "ಕೈಪಂಪಿಗೆ ಮೇಲಿಂದ ನೀರು ಹಾಕ್ಬೇಕು. ಆಮೇಲೇ ಅದು ಎತ್ತೋದು" ಅಂದಳು. ಪಕ್ಕದ ಮನೆಯ ಅಜ್ಜಿ ಸೌತೆಕಾಯಿಯನ್ನು ತಣ್ಣೀರಿನಲ್ಲಿ ಮುಳುಗಿಸಿಟ್ಟದ್ದು ನೋಡಿ ತಲೆದೂಗಿದಳು. ಬಟ್ಟೆಯನ್ನು ಕಾಲಿನಲ್ಲಿ ತುಳಿದು ಒಗೆಯುವುದು ನೋಡಿ, "ಕಂಬಳಿ ಹಂಗೇ ಒಗೀಬೇಕು, ಕೈಯಲ್ಲಿ ಆಗಲ್ಲ" ಅಂದಳು. ಹಳೇ ಮನೆಯಲ್ಲಿ ಕತ್ತಲೆ ಕೋಣೆಯ ಬಾಗಿಲು ತೆಗೆದಾಗ ಕಪ್ಪು ಕಪ್ಪು ಉಂಡೆಗಳು ಸರಸರ ಓಡಿ ಗೋಡೆಯ ಬಿರುಕಿಗೆ ಹೋಗುತ್ತವೆ. ಖಾಲಿ ಮನೆಯಲ್ಲಿ ಸೇರಿಕೊಳ್ಳುವ ಮಸಿಯ ಮರಿಗಳು ಅವು. ಮಗಳು ಅದನ್ನು ವಿವರಿಸಲು ಒದ್ದಾಡುತ್ತಿದ್ದಳು. ಅಮ್ಮ ಥಟ್ ಅಂತ "ಇಲ್ಲಣ" ಅಂದಳು. ಸೌದೆ ಒಲೆಯ ಅಡುಗೆಮನೆಯಲ್ಲಿ ಮಾಡಿನಿಂದ ಜೋತುಬೀಳುತ್ತಿದ್ದ ಮಸಿ. ಆ ಪದ ನಾನು ಕೇಳಿ ಮೂವತ್ತು ವರ್ಷ ಆಗಿತ್ತು. ಈಗ ನಮ್ಮನೆಯಲ್ಲಿ ಅವುಗಳ ಹೆಸರು ಇಲ್ಲಣ ಮರಿ.

ನಾನು ನೋಡುವ ಟೊಟೊರೊ ಒಂದು, ಅಮ್ಮನದ್ದು ಇನ್ನೊಂದು, ಮಗಳದ್ದು ಮೂರನೆಯದು. ಅವಳಿಗೆ ಆಸ್ಪತ್ರೆಯೂ ಬೇಡ, ಪಂಪೂ ಬೇಡ. ಮೇ ತೋಟದಲ್ಲಿ ಒಬ್ಬಳೇ ಆಡುವ ಭಾಗ ಬಂದರೆ ಸಾಕು. ಮೇ ಹೂವು ಕಿತ್ತು ತಂದು ಓದುತ್ತಾ ಕೂತ ಅಪ್ಪನ ಮೇಜಿನ ಮೇಲೆ ಸಾಲಾಗಿ ಇಡುತ್ತಾಳೆ, ನೀನು ಹೂವಿನ ಅಂಗಡಿಯವನು ಅನ್ನುತ್ತಾಳೆ. ಒಂದು ಬಕೆಟ್ ಸಿಗುತ್ತದೆ, ತಳವೇ ಇಲ್ಲ. ಅದರೊಳಗೆ ಕಣ್ಣಿಟ್ಟು ನೋಡುತ್ತಾಳೆ. ಹಾಗೆ ನೋಡುವಾಗಲೇ ಹುಲ್ಲಿನಲ್ಲಿ ಬಿದ್ದ ಓಕ್ ಮರದ ಕಾಯಿ ಕಾಣುತ್ತದೆ. ಒಂದರ ಹಿಂದೆ ಒಂದು ಹೆಕ್ಕುತ್ತಾ ಹೋದರೆ ಎರಡು ಬಿಳಿ ಕಿವಿ. ಅದರ ಬೆನ್ನು ಹತ್ತಿ, ಪೊದೆಯ ಸುರಂಗದಲ್ಲಿ ನುಸುಳಿ, ಕರ್ಪೂರದ ಮರದ ಬುಡದ ಪೊಟರೆಗೆ ಉರುಳಿ ಬಿದ್ದರೆ ಕೆಳಗೆ ಮಲಗಿದ ದೊಡ್ಡ ಟೊಟೊರೊ. ಮೇ ಅವನ ಹೊಟ್ಟೆಯ ಮೇಲೆ ಹತ್ತಿ ಹೆಸರು ಕೇಳುತ್ತಾಳೆ. ಅವನು ಬಾಯಿ ಇಷ್ಟಗಲ ತೆರೆದು ಏನೋ ಗರ್ಜಿಸುತ್ತಾನೆ. ಅದು ಅವಳಿಗೆ "ಟೊಟೊರೊ" ಅಂತ ಕೇಳುತ್ತದೆ. ಆಮೇಲೆ ಇಬ್ಬರೂ ನಿದ್ದೆ ಹೋಗುತ್ತಾರೆ. ಒಂದು ರಾಕ್ಷಸ ಗಾತ್ರದ ಪ್ರಾಣಿಯನ್ನು ಕಂಡ ಮಗು ಅದರ ಹೊಟ್ಟೆಯ ಮೇಲೆ ನಿದ್ದೆ ಮಾಡುವುದು ಯಾವ ಕಥೆಯಲ್ಲಿದೆ ಹೇಳಿ.

"ಅವನು ಯಾಕೆ ಅವಳನ್ನ ತಿನ್ನಲಿಲ್ಲ ಅಪ್ಪ?" ಅಂತ ಮಗಳು ಒಂದು ಸಲ ಕೇಳಿದ್ದಳು.

"ಹಸಿವಾಗಿರಲಿಲ್ಲವೇನೋ."

"ಅಲ್ಲ. ಅವನಿಗೆ ನಿದ್ದೆ ಬಂದಿತ್ತು" ಅಂತ ಅವಳೇ ತೀರ್ಮಾನ ಕೊಟ್ಟಳು.

ನನಗೆ ತುಂಬ ಹಿಡಿಸುವುದು ಅದರ ಮುಂದಿನ ಭಾಗ. ಎಚ್ಚರವಾದಾಗ ಟೊಟೊರೊ ಇಲ್ಲ, ಸುರಂಗದ ದಾರಿಯೂ ಸಿಗುತ್ತಿಲ್ಲ. ಅಕ್ಕನೂ ಅಪ್ಪನೂ ನಗುತ್ತಾರೆ. ಮೇಗೆ ಅವಮಾನ. ನಾನು ಸುಳ್ಳು ಹೇಳ್ತಿಲ್ಲ ಅಂತ ಮುಖ ಊದಿಸಿಕೊಳ್ಳುತ್ತಾಳೆ. ಆಗ ಅಪ್ಪ ಏನು ಮಾಡುತ್ತಾನೆ ನೋಡಿ. ನೀನು ಈ ಕಾಡಿನ ಒಡೆಯನನ್ನು ಕಂಡಿರಬೇಕು, ಅದು ಅದೃಷ್ಟ, ಆದರೆ ಬೇಕೆಂದಾಗಲೆಲ್ಲ ಅವನು ಸಿಗಲಾರ ಅನ್ನುತ್ತಾನೆ. ಇಬ್ಬರನ್ನೂ ದೊಡ್ಡ ಮರದ ಹತ್ತಿರ ಕರೆದುಕೊಂಡು ಹೋಗಿ, ನೆಟ್ಟಗೆ ನಿಂತು, ನಮ್ಮ ಮೇಯನ್ನು ನೋಡಿಕೊಂಡದ್ದಕ್ಕೆ ಉಪಕಾರವಾಯ್ತು ಅಂತ ಮರಕ್ಕೆ ಬಗ್ಗಿ ನಮಸ್ಕಾರ ಮಾಡುತ್ತಾನೆ. ಅವನು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ಓದಿದ ಮನುಷ್ಯ. ಮಗುವನ್ನು ಸಮಾಧಾನ ಮಾಡಲು ನಾಟಕ ಮಾಡುತ್ತಿದ್ದಾನಾ? ಗೊತ್ತಾಗುವುದಿಲ್ಲ. ನಾಟಕವಾದರೆ ಅಷ್ಟು ಬಗ್ಗಬೇಕಿರಲಿಲ್ಲ. ನನ್ನ ಮಗಳು ಬಾಲ್ಕನಿಯಲ್ಲಿ ಏನೋ ಇದೆ ಅಂತ ಓಡಿ ಬಂದಾಗ ನಾನು ಫೋನಿನಿಂದ ತಲೆ ಎತ್ತದೆ "ಹೌದಾ ಕಂದ" ಅಂದಿದ್ದು ಎಷ್ಟು ಸಲವೋ.

ಇಡೀ ಸಿನಿಮಾದಲ್ಲಿ ದೊಡ್ಡವರು ಯಾರೂ ಮಕ್ಕಳ ಮಾತನ್ನು ತಳ್ಳಿಹಾಕುವುದಿಲ್ಲ. ಪಕ್ಕದ ಮನೆಯ ಅಜ್ಜಿ ಇಲ್ಲಣ ಮರಿಗಳ ಸುದ್ದಿ ಕೇಳಿ, ಚಿಕ್ಕವಳಿದ್ದಾಗ ನನಗೂ ಕಾಣುತ್ತಿತ್ತು ಅನ್ನುತ್ತಾಳೆ. ಆ ಮಾತಿಗೆ ಯಾವ ವಿವರಣೆಯೂ ಇಲ್ಲ. ಟೊಟೊರೊ ಕೊಟ್ಟ ಬೀಜವನ್ನು ಮಕ್ಕಳು ನೆಟ್ಟು, ದಿನಾ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊಳಕೆಗೆ ಕಾಯುತ್ತಾರೆ. ಒಂದು ರಾತ್ರಿ ಟೊಟೊರೊಗಳು ಬಂದು ಕುಣಿದು ಕುಪ್ಪಳಿಸಿದಾಗ ಬೀಜ ಮುಗಿಲೆತ್ತರದ ಮರವಾಗುತ್ತದೆ. ಮಕ್ಕಳು ಅವನ ಎದೆಗೆ ಅಂಟಿಕೊಂಡು, ತಿರುಗುವ ಬುಗುರಿಯ ಮೇಲೆ ಹಾರುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಮರ ಇಲ್ಲ. ಆದರೆ ಮೊಳಕೆ ಬಂದಿದೆ. ಕನಸು, ಆದರೂ ಕನಸಲ್ಲ ಅಂತ ಇಬ್ಬರೂ ಕೂಗುತ್ತಾ ಕುಣಿಯುತ್ತಾರೆ. ಒಂದು ಫ್ಯಾಂಟಸಿ ಸಿನಿಮಾ ತನ್ನ ಬಗ್ಗೆ ಇದಕ್ಕಿಂತ ಜಾಸ್ತಿ ಏನು ಹೇಳಬೇಕು?

ಇಷ್ಟು ಹೊತ್ತಿಗೆ ನೋಡುವವರು ಅಮ್ಮನ ಕಾಯಿಲೆಯನ್ನು ಹೆಚ್ಚುಕಡಿಮೆ ಮರೆತಿರುತ್ತಾರೆ. ಆಗ ಟೆಲಿಗ್ರಾಂ ಬರುತ್ತದೆ. ಆಸ್ಪತ್ರೆಯಿಂದ. ಬೇಗ ಫೋನ್ ಮಾಡಿ ಅಂತ. ನಮ್ಮಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ತಂತಿ ಬಂತು" ಅಂದಳು, ಮೆಲ್ಲಗೆ. ಅಕ್ಷರ ಓದಲು ಬರದಿದ್ದರೂ ಆ ಕಾಗದ ಏನು ಅಂತ ಅವಳಿಗೆ ಗೊತ್ತು. ಅವಳ ಕಾಲದಲ್ಲಿ ತಂತಿ ಅಂದರೆ ಸಾವೇ. ಸತ್ಸುಕಿ ಫೋನಿರುವ ಮನೆಗೆ ಓಡಿ, ಟೋಕಿಯೊದ ಅಪ್ಪನಿಗೆ ಕಾಲ್ ಬುಕ್ ಮಾಡಿ, ಫೋನಿನ ಕೆಳಗೇ ನಿಂತು ಕಾಯುತ್ತಾಳೆ. "ಟ್ರಂಕ್ ಕಾಲು. ಕಾಯ್ಬೇಕು" ಅಂತ ಅಮ್ಮ ಮೊಮ್ಮಗಳಿಗೆ ವಿವರಿಸಿದಳು. ಮಗಳಿಗೆ ಇದು ಟೊಟೊರೊಗಿಂತ ದೊಡ್ಡ ಫ್ಯಾಂಟಸಿ.

ಅಮ್ಮನಿಗೆ ನೆಗಡಿ, ಶನಿವಾರ ಮನೆಗೆ ಬರುವುದು ಮುಂದಕ್ಕೆ ಹೋಯ್ತು. ಇಷ್ಟೇ ಸುದ್ದಿ. ಮೇ ರಚ್ಚೆ ಹಿಡಿಯುತ್ತಾಳೆ. ಬೇಡ, ಬರಲೇಬೇಕು. ಸತ್ಸುಕಿಗೆ ತಡೆಯಲಾಗುವುದಿಲ್ಲ. ಹಾಗಾದ್ರೆ ಅಮ್ಮ ಸತ್ತರೂ ಪರವಾಗಿಲ್ವಾ ಅಂತ ಕಿರುಚಿಬಿಡುತ್ತಾಳೆ. ಅಲ್ಲಿಯವರೆಗೆ ಆ ಮಾತನ್ನು ಯಾರೂ ಆಡಿರಲಿಲ್ಲ. ಆಮೇಲೆ ಅಜ್ಜಿಯ ಮುಂದೆ ನಿಂತು ಬಾಯಿಬಿಟ್ಟು ಅಳುತ್ತಾಳೆ. ಹೋದ ಸಲವೂ ಹೀಗೇ ಅಂದಿದ್ದರು, ಸ್ವಲ್ಪ ದಿನ ಅಂದಿದ್ದರು. ಡಬ್ಬಿ ಕಟ್ಟುತ್ತಿದ್ದ, ತಂಗಿಯನ್ನು ಹೊರುತ್ತಿದ್ದ ಹುಡುಗಿ ಮುಖ ಮುಚ್ಚಿಕೊಳ್ಳದೆ, ಚಿಕ್ಕ ಮಗುವಿನಂತೆ ಅಳುತ್ತಾಳೆ. ಮೇ ಅದನ್ನು ನೋಡುತ್ತಾ ನಿಂತಿರುತ್ತಾಳೆ. ಅಕ್ಕನೇ ಅತ್ತರೆ ಇನ್ನು ಯಾರು ದಿಕ್ಕು ಅನ್ನುವುದು ಆ ಮುಖದಲ್ಲಿದೆ. ಅಜ್ಜಿಯ ಹೊಲದ ಮುಸುಕಿನ ಜೋಳ ತಿಂದರೆ ಅಮ್ಮ ಗುಣವಾಗುತ್ತಾಳೆ ಅಂತ ನಂಬಿ, ಒಂದು ತೆನೆಯನ್ನು ಎದೆಗವಚಿಕೊಂಡು ಒಬ್ಬಳೇ ಆಸ್ಪತ್ರೆಗೆ ಹೊರಡುತ್ತಾಳೆ.

ಈ ಸಿನಿಮಾದ ಲಿಂಕನ್ನು ಅಕ್ಕನಿಗೂ ಕಳಿಸಿದ್ದೆ. ಎರಡು ವಾರ ಸುದ್ದಿ ಇಲ್ಲ. ನಾನೇ ಕೇಳಿದಾಗ, "ಆ ಹುಡುಗಿ ಅಳೋ ತನಕ ನೋಡಿದೆ. ಆಮೇಲೆ ಆಫ್ ಮಾಡಿದೆ" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಆ ಒಂದೂವರೆ ತಿಂಗಳಲ್ಲಿ ಅಕ್ಕ ಅತ್ತದ್ದು ನನಗೆ ನೆನಪಿಲ್ಲ. ಬಾವಿಕಟ್ಟೆಯ ಹತ್ತಿರ ಒಬ್ಬಳೇ ಕೂತಿರುತ್ತಿದ್ದದ್ದು ನೆನಪಿದೆ. ಕರೆದರೆ "ಬಂದೆ, ಪಾತ್ರೆ ತೊಳೀತಿದೀನಿ" ಅನ್ನುತ್ತಿದ್ದಳು. ಅವಳ ಜಡೆ ಆಗ ಯಾರು ಹಾಕುತ್ತಿದ್ದರು ಅಂತ ಮೊನ್ನೆಯವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಇಂಟರ್ನೆಟ್ಟಿನಲ್ಲಿ ಒಂದು ಕಥೆ ಓಡಾಡುತ್ತದೆ. ಟೊಟೊರೊ ಸಾವಿನ ದೇವರಂತೆ, ಮಕ್ಕಳಿಬ್ಬರೂ ಸತ್ತಿದ್ದಾರಂತೆ, ಕೊನೆಯಲ್ಲಿ ಅವರಿಗೆ ನೆರಳೇ ಇಲ್ಲವಂತೆ. ಇದು ಎಷ್ಟು ಹಬ್ಬಿತು ಅಂದರೆ ಸ್ಟುಡಿಯೊದವರೇ ಅಂಥದ್ದೇನಿಲ್ಲ ಅಂತ ಹೇಳಬೇಕಾಯಿತು. ನನಗೆ ಈ ಕಥೆ ಕಟ್ಟಿದವರ ಮೇಲೆ ಸಿಟ್ಟಿಗಿಂತ ಜಾಸ್ತಿ ಬೇಜಾರು. ಸಿನಿಮಾದಲ್ಲಿ ಭಯ ಬೇಕಾದಷ್ಟಿದೆ. ಕೆರೆಯಲ್ಲಿ ಸಿಕ್ಕಿದ ಪುಟ್ಟ ಚಪ್ಪಲಿ, ಜಪ ಮಾಡುತ್ತಾ ಕೂತ ಅಜ್ಜಿ, ಬರಿಗಾಲಲ್ಲಿ ಓಡುವ ಸತ್ಸುಕಿ. ಆ ಚಪ್ಪಲಿ ಮೇದಲ್ಲ ಅಂತ ಗೊತ್ತಾಗುವವರೆಗೆ ನಮ್ಮ ಉಸಿರೇ ನಿಂತಿರುತ್ತದೆ. ಅದರ ಮೇಲೆ ಇನ್ನೊಂದು ಹೆಣ ಯಾಕೆ ಬೇಕು?

ಮತ್ತೆ ಈ ಎಐ ಫೋಟೋದ ಗಲಾಟೆ. 2025ರ ಮಾರ್ಚಿನಲ್ಲಿ ಎಲ್ಲರೂ ತಮ್ಮ ಫೋಟೋವನ್ನು ಘಿಬ್ಲಿ ಸಿನಿಮಾದ ಚಿತ್ರದಂತೆ ಮಾಡಿಕೊಂಡರಲ್ಲ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಗೃಹಪ್ರವೇಶ, ನಾಮಕರಣ ಎಲ್ಲ ಘಿಬ್ಲಿ ಆಗಿ ಬಂದವು. ಅಮ್ಮನಿಗೆ ಆ ಹೆಸರು ಗೊತ್ತಿದ್ದದ್ದೇ ಅದರಿಂದ. "ಇದು ಅದೇನಾ? ಆದ್ರೆ ಇದ್ರಲ್ಲಿ ಗಾಳಿ ಇದೆ" ಅಂದಳು. ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ನೋಡಿದರೆ ಹೌದು, ಕಜುವೊ ಒಗಾ ಮತ್ತವರ ಕಲಾವಿದರು ಕೈಯಲ್ಲಿ ಬರೆದ ಆ ಗದ್ದೆ, ಆ ಮರ, ಆ ಮೋಡದ ಹಿನ್ನೆಲೆಯಲ್ಲಿ ಯಾವಾಗಲೂ ಏನೋ ಅಲ್ಲಾಡುತ್ತಿರುತ್ತದೆ. ಬೆಕ್ಕಿನ ಬಸ್ಸು ಓಡಿದಾಗ ಊರಿನವರಿಗೆ ಕಾಣುವುದೂ ಗಾಳಿಯೇ.

ಆ ಬಸ್ಸೇ ಸತ್ಸುಕಿಯನ್ನು ಹತ್ತಿಸಿಕೊಳ್ಳುತ್ತದೆ. ಹಣೆಯ ಮೇಲಿನ ಬೋರ್ಡು ಗರಗರ ತಿರುಗಿ ಮುಂದಿನ ಸ್ಟಾಪಿನ ಹೆಸರು 'ಮೇ' ಅಂತ ಬರುತ್ತದೆ. ಮಗಳು ಇದನ್ನು ಓದಲು ಬರದಿದ್ದರೂ ಜೋರಾಗಿ ಓದುತ್ತಾಳೆ. ದಾರಿ ಬದಿಯಲ್ಲಿ ಮಕ್ಕಳನ್ನು ಕಾಯುವ ಜಿಜೊ ದೇವರ ಕಲ್ಲಿನ ಮೂರ್ತಿಗಳ ಸಾಲಿನಲ್ಲಿ ಮೇ ಕೂತಿರುತ್ತಾಳೆ, ತೆನೆ ಹಿಡಿದುಕೊಂಡು. ಅಕ್ಕತಂಗಿ ಇಬ್ಬರೂ ಬೆಕ್ಕಿನ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತಾರೆ. ಆದರೆ ಒಳಗೆ ಹೋಗುವುದಿಲ್ಲ. ಹೊರಗಿನ ಮರದ ಕೊಂಬೆಯ ಮೇಲೆ ಕೂತು, ಕಿಟಕಿಯೊಳಗೆ ಅಪ್ಪನ ಜೊತೆ ನಗುತ್ತಿರುವ ಅಮ್ಮನನ್ನು ನೋಡುತ್ತಾರೆ. ಕಿಟಕಿಯಲ್ಲಿ ತೆನೆ ಇಟ್ಟು ವಾಪಸ್. ಅದರ ಸಿಪ್ಪೆಯ ಮೇಲೆ 'ಅಮ್ಮನಿಗೆ' ಅಂತ ಗೀರಿದ ಅಕ್ಷರ.

ಸಿನಿಮಾ ಇಷ್ಟಕ್ಕೇ ಮುಗಿಯುತ್ತದೆ, ಒಟ್ಟು 86 ನಿಮಿಷ. ಅಮ್ಮ ಇನ್ನೂ ಆಸ್ಪತ್ರೆಯಲ್ಲೇ ಇದ್ದಾಳೆ. ಹಾಡು ಶುರುವಾಗುತ್ತದೆ, ಹೆಸರುಗಳು ಮೇಲೇರುತ್ತವೆ. ನಮ್ಮಮ್ಮ ಬುಟ್ಟಿ ಎತ್ತಿಕೊಂಡು ಏಳುತ್ತಾ, "ಮನೆಗೆ ಬಂದಳೋ ಇಲ್ವೋ ಅದನ್ನೇ ತೋರಿಸ್ಲಿಲ್ಲ" ಅಂದಳು. ಮಗಳಿಗೆ ಗಾಬರಿ. "ಅಜ್ಜೀ ಏಳ್ಬೇಡ! ಕೂತ್ಕೋ! ಅಪ್ಪಾ ರಿಮೋಟು!"

ವಿಷಯ ಏನಂದ್ರೆ, ಈ ಓಟಿಟಿಗಳಿಗೆ ಹೆಸರು ಶುರುವಾದ ಕೂಡಲೇ ಸಿನಿಮಾ ಮುಗಿಯಿತು ಅಂತ ಲೆಕ್ಕ. ಚಿತ್ರವನ್ನು ಮೂಲೆಗೆ ತಳ್ಳಿ ಅಂಚೆಚೀಟಿಯಷ್ಟು ಮಾಡಿ, ಮುಂದಿನದು ಐದು ಸೆಕೆಂಡಿನಲ್ಲಿ ಅಂತ ಎಣಿಸಲು ಶುರು ಮಾಡುತ್ತವೆ. ಆದರೆ ಹೆಸರುಗಳ ಪಕ್ಕದಲ್ಲಿ ಒಂದೊಂದೇ ಚಿತ್ರ ಬರುತ್ತಿರುತ್ತದೆ. ಅದರಲ್ಲೊಂದರಲ್ಲಿ ಅಮ್ಮ ಮನೆಗೆ ಬರುತ್ತಾಳೆ. ಹಾಗಾಗಿ ನಮ್ಮ ಮನೆಯಲ್ಲಿ ಕೊನೇ ದೃಶ್ಯ ಬಂತು ಅಂದ್ರೆ ಒಬ್ಬರು ರಿಮೋಟ್ ಹಿಡಿದು ತಯಾರಿರಬೇಕು ಅಂತ ನಿಯಮ. ಅವತ್ತು ರಿಮೋಟು ಅಮ್ಮನ ಹತ್ತಿ ಬುಟ್ಟಿಯಲ್ಲಿತ್ತು. ಹತ್ತಿ ಎಲ್ಲ ನೆಲಕ್ಕೆ ಸುರಿದು ಹುಡುಕಿ, ಎಣಿಕೆ ಎರಡಕ್ಕೆ ಬಂದಾಗ ನಾನು ಗುಂಡಿ ಒತ್ತಿದೆ. ಚಿತ್ರ ಮತ್ತೆ ದೊಡ್ಡದಾಯಿತು.

"ಈಗ ನೋಡು ಅಜ್ಜಿ" ಅಂದಳು ಮಗಳು.

ಟ್ಯಾಕ್ಸಿ ಬಂದು ನಿಂತಿತ್ತು.